ಕಾಂಡೋಮ್ ಇಲ್ಲದೆ ನಡೆದುಹೋಯಿತು: ಈಗ ಮಾತ್ರೆಯೋ, ಟೆಸ್ಟೋ, ಕಾಯುವುದೋ?

ಕಾಂಡೋಮ್ ಹಾಕಲಿಲ್ಲ, ಅಥವಾ ಹಾಕಿದ್ದು ಹರಿಯಿತು. ಬೆಳಗಾಗುತ್ತಲೇ ತಲೆಯಲ್ಲಿ ಒಂದೇ ಪ್ರಶ್ನೆ: ಎಚ್‌ಐವಿಯೋ ಬೇರೆ ಲೈಂಗಿಕ ಸೋಂಕೋ ತಗಲಿತೇ ಎಂದು ತಿಳಿಯಲು ಯಾವ ಟೆಸ್ಟ್ ಮಾಡಿಸಲಿ? ಪ್ರಶ್ನೆಯೇ ಹಿಂದುಮುಂದಾಗಿದೆ. ಮೊದಲ ಮೂರು ದಿನ ಔಷಧಿಯದು. ಟೆಸ್ಟಿನ ಸರದಿ ಶುರುವಾಗುವುದು ಸುಮಾರು ಎರಡು ವಾರ ಕಳೆದ ಮೇಲೆ. ಬಹಳ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಮರುದಿನವೇ ಲ್ಯಾಬಿಗೆ ಓಡಿ ದುಬಾರಿ ಪ್ಯಾಕೇಜ್ ಮಾಡಿಸಿ, 'ನೆಗೆಟಿವ್' ನೋಡಿ ನಿರಾಳವಾಗುತ್ತಾರೆ. ಆ ರಿಪೋರ್ಟ್ ಹೇಳುವುದು ನಿನ್ನೆಗಿಂತ ಹಿಂದಿನ ಕಥೆ. ಅಷ್ಟರಲ್ಲಿ ಔಷಧಿಯ ಗಡುವು ಮುಗಿದಿರುತ್ತದೆ.

ಇನ್ನೊಂದು ಆತುರದ ಕೆಲಸವೆಂದರೆ ಡೆಟಾಲಿನಂಥ ಆಂಟಿಸೆಪ್ಟಿಕ್ ಹಾಕಿ ಉಜ್ಜುವುದು, ಯೋನಿಯೊಳಗೆ ನೀರು ಹಾಯಿಸಿ ತೊಳೆಯುವುದು. ಇದರಿಂದ ಸೋಂಕು ಹೋಗುವುದಿಲ್ಲ, ಒಳಚರ್ಮ ಕೆರೆದು ಉರಿ ಶುರುವಾಗುತ್ತದೆ. ಆಮೇಲೆ ಆ ಉರಿಯನ್ನೇ ರೋಗದ ಲಕ್ಷಣವೆಂದುಕೊಂಡು ಇನ್ನೊಂದು ಸುತ್ತು ಗಾಬರಿ. ಸಾದಾ ನೀರಿನಲ್ಲಿ ಹೊರಗಿನಿಂದ ತೊಳೆದರೆ ಸಾಕು.

ಮೊದಲ 72 ಗಂಟೆ: ಪೆಪ್ ಬೇಕೋ, ಬೇಡವೋ

ಎಚ್‌ಐವಿ ದೇಹದಲ್ಲಿ ಬೇರೂರುವ ಮೊದಲೇ ಅದನ್ನು ತಡೆಯುವ ಮಾತ್ರೆಗೆ ವೈದ್ಯರು ಪೆಪ್ ಎನ್ನುತ್ತಾರೆ. ವೈರಸ್ ಒಳಚರ್ಮದಿಂದ ಹತ್ತಿರದ ದುಗ್ಧಗ್ರಂಥಿಗೆ, ಅಲ್ಲಿಂದ ರಕ್ತಕ್ಕೆ ಇಳಿಯಲು ಕೆಲವು ದಿನ ಹಿಡಿಯುತ್ತದೆ. ಪೆಪ್ ಕೆಲಸ ಮಾಡುವುದು ಆ ಸಂದಿಯಲ್ಲಿ. 72 ಗಂಟೆಯೊಳಗೆ ಶುರುಮಾಡಬೇಕು, 28 ದಿನ ತಪ್ಪದೆ ನುಂಗಬೇಕು. 72 ಎನ್ನುವುದು ಕೊನೆಯ ಗಡಿ. 'ಇನ್ನೂ ಎರಡು ದಿನ ಇದೆಯಲ್ಲ' ಎಂದು ಕೂತರೆ ಕೂತಷ್ಟೂ ಅದರ ಬಲ ಕುಗ್ಗುತ್ತದೆ. ಶನಿವಾರ ರಾತ್ರಿಯ ಘಟನೆಗೆ ಸೋಮವಾರದ ಓಪಿಡಿ ಕಾಯಬೇಡಿ, ಭಾನುವಾರವೇ ತುರ್ತು ವಿಭಾಗಕ್ಕೆ ಹೋಗಿ.

ಎಲ್ಲರಿಗೂ ಪೆಪ್ ಬೇಕಾಗುವುದಿಲ್ಲ. ಸಂಗಾತಿಗೆ ಎಚ್‌ಐವಿ ಇದ್ದು ಚಿಕಿತ್ಸೆ ಪಡೆಯದಿದ್ದರೆ, ಗುದಸಂಭೋಗದಲ್ಲಿ ಒಳಗೆ ಪಡೆದವರಿಗೆ 10,000 ಸಲಕ್ಕೆ ಸುಮಾರು 138 ಸಲ ಸೋಂಕು ತಗಲುತ್ತದೆ ಎಂಬುದು ಒಪ್ಪಿತ ಅಂದಾಜು. ಮಾಡಿದವರಿಗೆ ಅದು 11. ಯೋನಿ ಸಂಭೋಗದಲ್ಲಿ ಹೆಣ್ಣಿಗೆ 8, ಗಂಡಿಗೆ 4. ಬಾಯಿಯಿಂದ ಆದದ್ದರಲ್ಲಿ ಅಪಾಯ ತೀರಾ ಕಡಿಮೆ. ಜನನಾಂಗದಲ್ಲಿ ಹುಣ್ಣಿದ್ದರೆ, ಬೇರೆ ಲೈಂಗಿಕ ಸೋಂಕಿದ್ದರೆ, ಸಂಗಾತಿಗೆ ಎಚ್‌ಐವಿ ಹೊಸದಾಗಿ ತಗಲಿದ್ದರೆ ಈ ಅಂಕಿಗಳೆಲ್ಲ ಮೇಲೇರುತ್ತವೆ. ಸಂಗಾತಿ ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದು, ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ಸಿನ ಪ್ರಮಾಣ, ಪತ್ತೆಯಾಗದ ಮಟ್ಟದಲ್ಲೇ ನಿಂತಿದ್ದರೆ ಸಂಭೋಗದಿಂದ ಎಚ್‌ಐವಿ ಹರಡುವುದಿಲ್ಲ. ಆಗ ಪೆಪ್ ಬೇಡ.

ಸಂಗಾತಿಯ ಸ್ಥಿತಿ ಗೊತ್ತಿಲ್ಲದಾಗ ಎರಡು ದಾರಿ. ಅವರನ್ನೇ ಕೇಳಿ ಇಬ್ಬರೂ ಅವತ್ತೇ ಟೆಸ್ಟ್ ಮಾಡಿಸುವುದು ಒಂದು. ಅವರ ಇಂದಿನ ಟೆಸ್ಟ್ ನಿಮ್ಮ ಇಂದಿನ ಟೆಸ್ಟಿಗಿಂತ ಹತ್ತು ಪಟ್ಟು ಉಪಯೋಗಕ್ಕೆ ಬರುತ್ತದೆ. ಸೋಂಕು ಹಳೆಯದಾಗಿದ್ದರೆ ಅದರಲ್ಲಿ ಕಾಣುತ್ತದೆ. ಸಂಪರ್ಕಿಸಲು ಆಗದವರಾದರೆ, ಗುದಸಂಭೋಗ ಆಗಿದ್ದರೆ, ರಕ್ತ ಬಂದಿದ್ದರೆ, ಪೆಪ್ ಶುರುಮಾಡುವುದರ ಕಡೆಗೇ ನಮ್ಮ ಒಲವು. ಬೇಡವೆಂದು ಆಮೇಲೆ ಗೊತ್ತಾದರೆ ನಿಲ್ಲಿಸಬಹುದು. ನಾಲ್ಕನೆಯ ದಿನ ಶುರುಮಾಡಲು ಆಗುವುದಿಲ್ಲ.

ಭಾರತದಲ್ಲಿ ಈಗ ಸಾಮಾನ್ಯವಾಗಿ ಕೊಡುವುದು ಟಿಎಲ್‌ಡಿ ಎಂಬ ಒಂದೇ ಮಾತ್ರೆ: ಟೆನೊಫೊವಿರ್ 300 ಮಿ.ಗ್ರಾಂ, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50. ದಿನಕ್ಕೊಂದು, ಒಂದೇ ಹೊತ್ತಿಗೆ. ಶುರುಮಾಡುವಾಗ ಎಚ್‌ಐವಿ, ಹೆಪಟೈಟಿಸ್ ಬಿ (ಯಕೃತ್ತಿನ ವೈರಸ್ ಸೋಂಕು), ಕಿಡ್ನಿಯ ಕ್ರಿಯಾಟಿನಿನ್ ಟೆಸ್ಟ್, ಹೆಂಗಸರಿಗೆ ಗರ್ಭದ ಟೆಸ್ಟ್ ಬರೆಯುತ್ತಾರೆ. ರಿಪೋರ್ಟ್ ಬರುವವರೆಗೆ ಮೊದಲ ಮಾತ್ರೆ ಕಾಯಬಾರದು. ಹೆಪಟೈಟಿಸ್ ಬಿ ಯಾಕೆಂದರೆ, ಈ ಮಾತ್ರೆಯಲ್ಲಿರುವ ಎರಡು ಔಷಧಿಗಳು ಅದನ್ನೂ ಅದುಮುತ್ತವೆ. ಗೊತ್ತಿಲ್ಲದೆ ಒಳಗಿದ್ದ ಹೆಪಟೈಟಿಸ್, 28 ದಿನದ ನಂತರ ಮಾತ್ರೆ ನಿಂತಾಗ ಕೆರಳಬಹುದು.

ಪೆಪ್ ಕೆಡುವುದು ಸಣ್ಣ ಕಾರಣಗಳಿಂದ. ಮಾತ್ರೆ ನುಂಗಿ ಹೊಟ್ಟೆಯುರಿ ಎಂದು ಮೇಲೊಂದು ಆ್ಯಂಟಾಸಿಡ್ ಸಿರಪ್ ಕುಡಿಯುವುದು ಅಂಥದ್ದೊಂದು. ಸಿರಪ್ಪಿನ ಅಲ್ಯೂಮಿನಿಯಂ, ಮೆಗ್ನೀಸಿಯಂ ಡೊಲುಟೆಗ್ರಾವಿರನ್ನು ಹಿಡಿದುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಮಾತ್ರೆ ತೆಗೆದುಕೊಂಡು ಎರಡು ಗಂಟೆಯ ನಂತರ ಸಿರಪ್ ಕುಡಿಯಿರಿ, ಮೊದಲೇ ಕುಡಿದಿದ್ದರೆ ಆರು ಗಂಟೆ ಬಿಟ್ಟು ಮಾತ್ರೆ ನುಂಗಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಇದೇ ಲೆಕ್ಕ. ಊಟದ ಜೊತೆಗಾದರೆ ಕ್ಯಾಲ್ಸಿಯಂ, ಕಬ್ಬಿಣವನ್ನು ಪೆಪ್ ಮಾತ್ರೆಯೊಡನೆ ಒಟ್ಟಿಗೇ ತೆಗೆದುಕೊಳ್ಳಬಹುದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು ವೈದ್ಯರಿಗೆ ಹೇಳಲೇಬೇಕು, ಡೊಲುಟೆಗ್ರಾವಿರ್ ಅದರ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ. ಇನ್ನು, ಹತ್ತು ದಿನ ನುಂಗಿ 'ಏನೂ ಆಗಿಲ್ಲವಲ್ಲ' ಎಂದು ಬಿಡುವವರೂ ಇದ್ದಾರೆ. ಏನೂ ಆಗದಿರಲೆಂದೇ ನುಂಗುತ್ತಿರುವುದು.

ಎಲ್ಲಿ ಸಿಗುತ್ತದೆ? ಸರ್ಕಾರದ ಎಆರ್‌ಟಿ ಕೇಂದ್ರಗಳಿರುವ ಆಸ್ಪತ್ರೆಗಳಲ್ಲಿ, ಉದಾಹರಣೆಗೆ ಬೆಂಗಳೂರಿನ ಬೌರಿಂಗ್ ಮತ್ತು ವಿಕ್ಟೋರಿಯಾ, ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ). ಸರ್ಕಾರಿ ಪೆಪ್ ಮುಖ್ಯವಾಗಿ ಸೂಜಿ ಚುಚ್ಚಿಸಿಕೊಂಡ ಆಸ್ಪತ್ರೆ ಸಿಬ್ಬಂದಿಗೆ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ಎಂದು ರೂಪಿಸಿದ್ದು. ಉಳಿದವರು ಅಲ್ಲಿ ಕೇಳುವುದರಲ್ಲಿ ತಪ್ಪಿಲ್ಲ, ಆದರೆ ಅಲ್ಲಿಂದಿಲ್ಲಿಗೆ ಅಲೆದು ದಿನ ಕಳೆಯುವ ಬದಲು ಸೋಂಕುರೋಗ ತಜ್ಞರಿರುವ ಖಾಸಗಿ ಆಸ್ಪತ್ರೆಯ ಚೀಟಿ ಪಡೆದು ದೊಡ್ಡ ಔಷಧಿ ಅಂಗಡಿಯಲ್ಲಿ ಕೊಳ್ಳುವುದು ವೇಗದ ದಾರಿ. ಬಲವಂತ ನಡೆದಿದ್ದರೆ ಮಾತು ಬೇರೆ: ಸರ್ಕಾರಿಯಾಗಲಿ ಖಾಸಗಿಯಾಗಲಿ, ಯಾವುದೇ ಆಸ್ಪತ್ರೆ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ ಹೇಳುತ್ತದೆ.

ಅದೇ ಗಡಿಯಾರದಲ್ಲಿ ಇನ್ನೆರಡು

ಗರ್ಭದ ಚಿಂತೆ ಇದ್ದರೆ ಲೆವೊನಾರ್ಜೆಸ್ಟ್ರೆಲ್ 1.5 ಮಿ.ಗ್ರಾಂ ಮಾತ್ರೆ ಚೀಟಿ ಇಲ್ಲದೆ ಸಿಗುತ್ತದೆ, 72 ಗಂಟೆಯೊಳಗೆ, ಬೇಗ ನುಂಗಿದಷ್ಟೂ ಒಳ್ಳೆಯದು. ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕು. ಇದಕ್ಕಿಂತ ಎಷ್ಟೋ ಖಚಿತವಾದದ್ದು ಕಾಪರ್-ಟಿ. ಐದು ದಿನದೊಳಗೆ ಹಾಕಿಸಿದರೆ ತುರ್ತು ತಡೆಯೂ ಆಯಿತು, ವರ್ಷಗಟ್ಟಲೆ ಗರ್ಭನಿರೋಧಕವೂ ಆಯಿತು. ಎರಡೂ ಸೋಂಕನ್ನು ತಡೆಯುವುದಿಲ್ಲ.

ಹೆಪಟೈಟಿಸ್ ಬಿ ಲಸಿಕೆಯನ್ನು ಯಾರೂ ನೆನೆಯುವುದಿಲ್ಲ. ದೇಶದ ಎಲ್ಲ ಮಕ್ಕಳಿಗೂ ಇದು ಸಿಗತೊಡಗಿದ್ದು 2011ರ ಹೊತ್ತಿಗೆ, ಹಾಗಾಗಿ ಈಗಿನ ವಯಸ್ಕರಲ್ಲಿ ಹೆಚ್ಚಿನವರಿಗೆ ಆಗಿರಲಿಕ್ಕಿಲ್ಲ. ಆಗಿಲ್ಲದಿದ್ದರೆ ಮೊದಲ ಡೋಸ್ ಸಾಧ್ಯವಾದರೆ 24 ಗಂಟೆಯೊಳಗೆ, ಮುಂದಿನವು ಒಂದು ಮತ್ತು ಆರು ತಿಂಗಳಿಗೆ. ಸಂಗಾತಿಗೆ ಹೆಪಟೈಟಿಸ್ ಬಿ ಇರುವುದು ಖಚಿತವಾಗಿದ್ದರೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕು, ಅದಕ್ಕೆ 14 ದಿನದ ಗಡುವು.

ಎಚ್‌ಐವಿಗೆ ಯಾವ ಟೆಸ್ಟ್, ಯಾವತ್ತು

ಮಾರುಕಟ್ಟೆಯಲ್ಲಿ ಮೂರು ಜಾತಿಯ ಟೆಸ್ಟ್ ಇವೆ. ಬೆರಳು ಚುಚ್ಚಿ ಮಾಡುವ ರ್‍ಯಾಪಿಡ್ ಟೆಸ್ಟ್ ಸಾಮಾನ್ಯವಾಗಿ ಹುಡುಕುವುದು ಪ್ರತಿಕಾಯವನ್ನು, ಅಂದರೆ ವೈರಸ್ ವಿರುದ್ಧ ನಿಮ್ಮ ದೇಹ ತಯಾರಿಸಿದ್ದನ್ನು. ಅದು ತಯಾರಾಗಲು 23ರಿಂದ 90 ದಿನ. ತೋಳಿನ ರಕ್ತನಾಳದಿಂದ ರಕ್ತ ಎಳೆದು ಲ್ಯಾಬಿನಲ್ಲಿ ಮಾಡುವ 'ನಾಲ್ಕನೇ ತಲೆಮಾರಿನ' ಟೆಸ್ಟ್ ಪ್ರತಿಕಾಯದ ಜೊತೆಗೆ ವೈರಸ್ಸಿನದೇ ಪಿ24 ಎಂಬ ಪ್ರೋಟೀನನ್ನೂ ಹುಡುಕುವುದರಿಂದ 18ರಿಂದ 45 ದಿನದಲ್ಲಿ ಹಿಡಿಯುತ್ತದೆ. ವೈರಸ್ಸಿನ ಆರ್‌ಎನ್‌ಎಯನ್ನೇ ಹುಡುಕುವ ಪಿಸಿಆರ್ 10ರಿಂದ 33 ದಿನದಲ್ಲಿ.

ಹಾಗಾದರೆ ಪಿಸಿಆರ್ ಉತ್ತಮವೇ? ಜ್ವರ, ಗಂಟಲುನೋವು, ಮೈಮೇಲೆ ಗಂಧೆಗಳಂಥ ಲಕ್ಷಣ ಎರಡು ಮೂರು ವಾರಕ್ಕೆ ಕಂಡು ವೈದ್ಯರಿಗೆ ಅನುಮಾನ ಬಂದಾಗ ಉತ್ತಮ. ಬರೀ ಚಿಂತೆಗಾಗಿಯಾದರೆ ದುಬಾರಿ, ಮೇಲಾಗಿ ನೆಗೆಟಿವ್ ಬಂದರೂ ಕೊನೆಗೆ ಇನ್ನೊಂದು ಟೆಸ್ಟ್ ತಪ್ಪುವುದಿಲ್ಲ. ಹೆಚ್ಚಿನವರಿಗೆ ಸರಿಹೊಂದುವ ಆಯ್ಕೆ ಇದು: 45 ದಿನ ಕಾಯ್ದು ಒಂದು ನಾಲ್ಕನೇ ತಲೆಮಾರಿನ ಟೆಸ್ಟ್. ನೆಗೆಟಿವ್ ಬಂದರೆ, ಪೆಪ್ ನುಂಗದವರಿಗೆ, ಆ ಘಟನೆಯ ಮಟ್ಟಿಗೆ ಅಲ್ಲಿಗೆ ಮುಗಿಯಿತು. ರ್‍ಯಾಪಿಡ್ ಮಾಡಿಸುವವರಿಗೆ ಕೊನೆಯ ದಿನ 90. ಪೆಪ್ ನುಂಗಿದವರು ಆರನೇ ವಾರಕ್ಕೆ ಒಂದು ಸಲ, ಮೂರು ತಿಂಗಳಾದಾಗ ಇನ್ನೊಂದು ಸಲ ಮಾಡಿಸಬೇಕು, ಏಕೆಂದರೆ ಮಾತ್ರೆ ಸೋಂಕನ್ನು ಅದುಮಿಟ್ಟು ಪ್ರತಿಕಾಯ ತಡವಾಗಿ ಮೂಡುವಂತೆ ಮಾಡಬಹುದು.

ರಿಪೋರ್ಟ್ ಓದುವಲ್ಲೇ ಅನೇಕರು ಎಡವುತ್ತಾರೆ. ಲ್ಯಾಬಿನ ಕಾಗದದಲ್ಲಿ 'ನಾನ್ ರಿಯಾಕ್ಟಿವ್' ಪಕ್ಕದಲ್ಲಿ 0.08 ಎಂದೋ 0.31 ಎಂದೋ ಒಂದು ಅಂಕಿ ಇರುತ್ತದೆ. ಹಿಂದಿನ ಸಲ 0.08 ಇದ್ದದ್ದು ಈ ಸಲ 0.31 ಆಯಿತು, ವೈರಸ್ ಏರುತ್ತಿದೆ ಎಂದು ಊಟ ಬಿಟ್ಟವರುಂಟು. ಅದು ವೈರಸ್ಸಿನ ಪ್ರಮಾಣವೇ ಅಲ್ಲ. ಯಂತ್ರ ಕಂಡ ಬೆಳಕಿನ ಸಂಕೇತವನ್ನು ಗಡಿರೇಖೆಯ ಸಂಕೇತದಿಂದ ಭಾಗಿಸಿದ ಅನುಪಾತ. ಒಂದಕ್ಕಿಂತ ಕೆಳಗಿರುವುದೆಲ್ಲ ಒಂದೇ ಉತ್ತರ: ಇಲ್ಲ. ಒಂದನ್ನು ದಾಟಿದರೂ ಅದೇ ತೀರ್ಪಲ್ಲ, ಬೇರೆ ವಿಧಾನದ ಟೆಸ್ಟುಗಳಿಂದ ದೃಢಪಡಿಸಬೇಕು. ಸರ್ಕಾರಿ ಕೇಂದ್ರಗಳಲ್ಲಿ ಮೂರು ಬೇರೆ ಬೇರೆ ಕಿಟ್ಟುಗಳಲ್ಲಿ ಪಾಸಿಟಿವ್ ಬಂದ ಮೇಲೆಯೇ ಪಾಸಿಟಿವ್ ಎನ್ನುವುದು.

ಐಸಿಟಿಸಿಯೋ, ಖಾಸಗಿ ಲ್ಯಾಬೋ

ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳ ಐಸಿಟಿಸಿಯಲ್ಲಿ (ಸರ್ಕಾರದ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಎಚ್‌ಐವಿ ಟೆಸ್ಟ್ ಉಚಿತ, ಟೆಸ್ಟಿಗೆ ಮುಂಚೆ ಮತ್ತು ನಂತರ ಆಪ್ತಸಮಾಲೋಚಕರು ಕೂರಿಸಿ ಮಾತಾಡುತ್ತಾರೆ, ದೃಢಪಡಿಸುವ ಕೆಲಸವೂ ಅಲ್ಲೇ ಮುಗಿಯುತ್ತದೆ. ಅಲ್ಲಿರುವುದು ರ್‍ಯಾಪಿಡ್ ಕಿಟ್, ಆದ್ದರಿಂದ ಲೆಕ್ಕ 90 ದಿನದ್ದು. ಖಾಸಗಿ ಲ್ಯಾಬಿನಲ್ಲಿ ನಾಲ್ಕನೇ ತಲೆಮಾರಿನದು ಸಿಗುತ್ತದೆ, ಬೇಗ ಉತ್ತರ. ಆದರೆ ಪಾಸಿಟಿವ್ ಬಂದರೆ ಕೈಗೊಂದು ಪಿಡಿಎಫ್ ಕೊಟ್ಟು ಸುಮ್ಮನಾಗುವ ಕಡೆಗಳೂ ಇವೆ. 45ಕ್ಕೆ ಖಾಸಗಿಯಲ್ಲಿ ಒಮ್ಮೆ ಮಾಡಿಸಿ, ಅನುಮಾನದ ಉತ್ತರ ಬಂದರೆ ಐಸಿಟಿಸಿಗೆ ಹೋಗುವುದು ಎರಡರ ಒಳ್ಳೆಯದನ್ನೂ ಪಡೆಯುವ ದಾರಿ. ಹತ್ತಿರದ ಕೇಂದ್ರ ಯಾವುದೆಂದು 1097ಕ್ಕೆ ಕರೆ ಮಾಡಿ ಕೇಳಬಹುದು, ಕರೆ ಉಚಿತ.

'ಪರಿಚಯದವರು ನೋಡಿದರೆ' ಎಂಬ ಅಳುಕು ಸಣ್ಣದಲ್ಲ, ತಾಲ್ಲೂಕು ಊರುಗಳಲ್ಲಂತೂ ಲ್ಯಾಬಿನ ಹುಡುಗ ನೆಂಟನೇ ಆಗಿರಬಹುದು. ಪಕ್ಕದ ಊರಿಗೆ ಹೋಗಿ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ನಿಮ್ಮ ಒಪ್ಪಿಗೆಯಿಲ್ಲದೆ ಟೆಸ್ಟ್ ಮಾಡುವುದನ್ನೂ ಫಲಿತಾಂಶ ಬಹಿರಂಗಪಡಿಸುವುದನ್ನೂ ತಡೆಯುತ್ತದೆ. ಕಾಯ್ದೆ ಕಾಪಾಡಲಾಗದ ಒಂದು ತೂತು ಮಾತ್ರ ನಿಮ್ಮ ಕೈಯಲ್ಲೇ ಇದೆ. ಆ್ಯಪಿನಲ್ಲಿ ಬುಕ್ ಮಾಡುವಾಗ ಹಿಂದೆ ಅಪ್ಪನ ಶುಗರ್ ಟೆಸ್ಟಿಗೆ ಕೊಟ್ಟಿದ್ದ ಮನೆಯ ನಂಬರೇ ಉಳಿದಿರುತ್ತದೆ, ರಿಪೋರ್ಟ್ ಅಪ್ಪನ ವಾಟ್ಸ್‌ಆ್ಯಪಿಗೆ ಹೋಗುತ್ತದೆ. ಹೊಸ ಖಾತೆ ತೆರೆಯಿರಿ, ಇಲ್ಲವೇ ಲ್ಯಾಬಿಗೇ ಹೋಗಿ ಕಾಗದ ಕೈಗೆ ಪಡೆಯಿರಿ.

ಟೆಸ್ಟ್ ಪುಕ್ಕಟೆ ಆಗುತ್ತದಲ್ಲ ಎಂದು ರಕ್ತದಾನ ಶಿಬಿರಕ್ಕೆ ಹೋಗುವುದು ಮಾತ್ರ ಬೇಡವೇ ಬೇಡ. ಸೋಂಕಿದ್ದೂ ಟೆಸ್ಟಿಗೆ ಕಾಣದ ದಿನಗಳಲ್ಲಿ ಕೊಟ್ಟ ರಕ್ತ ಇನ್ನೊಬ್ಬರ ಮೈಗೆ ಹೋಗುತ್ತದೆ.

'ಫುಲ್ ಎಸ್‌ಟಿಡಿ ಪ್ಯಾನೆಲ್' ಬೇಕೇ?

ಹೆಸರು ದೊಡ್ಡದು. ಒಳಗೆ ಏನಿದೆ ನೋಡಿ. ಕೆಲವು ಪ್ಯಾನೆಲ್‌ಗಳಲ್ಲಿ ಹರ್ಪಿಸ್ ಐಜಿಎಂ, ಕ್ಲಮಿಡಿಯಾ ಐಜಿಜಿ ಎಂಬ, ಬೇರೆ ಬೇರೆ ಬಗೆಯ ಪ್ರತಿಕಾಯ ಹುಡುಕುವ ರಕ್ತದ ಟೆಸ್ಟುಗಳು ತುಂಬಿರುತ್ತವೆ. ಇವು ದುಡ್ಡಿಗೆ ದಂಡ, ಮನಸ್ಸಿಗೂ ದಂಡ. ಹರ್ಪಿಸ್ ಐಜಿಎಂ ಸೋಂಕು ಹೊಸದೋ ಹಳೆಯದೋ ಹೇಳಲಾರದು, ಸುಳ್ಳು ಪಾಸಿಟಿವ್ ಕೊಡುತ್ತದೆ. ಹರ್ಪಿಸ್ ಒಂದನೇ ಬಗೆಯ ಐಜಿಜಿ ಬಹಳಷ್ಟು ಜನರಲ್ಲಿ ಬಾಲ್ಯದಿಂದಲೇ ಇರುತ್ತದೆ, ತುಟಿಯ ಮೇಲೆ ಏಳುವ 'ಜ್ವರದ ಗುಳ್ಳೆ'ಯದೇ ವೈರಸ್ ಅದು. ಗುಳ್ಳೆ ಎದ್ದರೆ, ಅದು ಒಣಗುವ ಮೊದಲು ಅದರ ದ್ರವವನ್ನೇ ಒರೆಸಿ ಪಿಸಿಆರ್‌ಗೆ ಕಳಿಸುವುದು ಸರಿಯಾದ ಟೆಸ್ಟ್. ಗುಳ್ಳೆ ಇಲ್ಲದಿದ್ದರೆ ಹರ್ಪಿಸ್ ಟೆಸ್ಟೇ ಬೇಡ.

ಗೊನೊರಿಯಾ ಮತ್ತು ಕ್ಲಮಿಡಿಯಾಕ್ಕೆ ರಕ್ತವಲ್ಲ, ಮೂತ್ರ ಅಥವಾ ಸ್ವ್ಯಾಬಿನ ನ್ಯಾಟ್ ಟೆಸ್ಟ್ (ರೋಗಾಣುವಿನ ವಂಶವಾಹಿಯನ್ನೇ ಹುಡುಕುವಂಥದ್ದು) ಕೇಳಿ, ಘಟನೆಯಾಗಿ ಎರಡು ವಾರಕ್ಕೆ. ಹೆಂಗಸರಲ್ಲಿ ಇವೆರಡೂ ಹೆಚ್ಚಾಗಿ ಸದ್ದಿಲ್ಲದೆ ಕೂತು ಅಂಡನಾಳ ಕೆಡಿಸಬಹುದು, ಹಾಗಾಗಿ ಲಕ್ಷಣ ಇಲ್ಲದಿದ್ದರೂ ಮಾಡಿಸಬೇಕಾದ ಟೆಸ್ಟ್ ಇದು. ಮೂತ್ರ ಕೊಡುವ ರೀತಿಯಲ್ಲೇ ಅರ್ಧ ಟೆಸ್ಟ್ ಕೆಡುತ್ತದೆ. ಉರಿಮೂತ್ರದ ಕಲ್ಚರ್‌ಗೆ 'ಮೊದಲಿನದು ಬಿಟ್ಟು ನಡುವಿನದು ಹಿಡಿಯಿರಿ' ಎಂದು ಹೇಳಿ ಹೇಳಿ ಲ್ಯಾಬಿನವರಿಗೆ ಬಾಯಿಪಾಠವಾಗಿದೆ, ನ್ಯಾಟ್‌ಗೂ ಅದನ್ನೇ ಹೇಳಿಬಿಡುತ್ತಾರೆ. ಇಲ್ಲಿ ಬೇಕಾದದ್ದು ಉಲ್ಟಾ. ಕನಿಷ್ಠ ಒಂದು ಗಂಟೆ ಮೂತ್ರಕ್ಕೆ ಹೋಗಿರಬಾರದು, ತೊಳೆದುಕೊಳ್ಳಬಾರದು, ಹೊರಬರುವ ಮೊಟ್ಟಮೊದಲ 20ರಿಂದ 30 ಮಿ.ಲೀ. ಮಾತ್ರ ಡಬ್ಬಿಗೆ, ಉಳಿದದ್ದು ಶೌಚಾಲಯಕ್ಕೆ. ಮೂತ್ರನಾಳದ ಗೋಡೆಗೆ ಅಂಟಿದ ರೋಗಾಣುಗಳನ್ನು ಗುಡಿಸಿ ತರುವುದು ಆ ಮೊದಲ ಹನಿಗಳೇ. ಡಬ್ಬಿ ತುಂಬಿಸಿ ಕೊಟ್ಟರೆ ರೋಗಾಣು ತೆಳುವಾಗಿ ಟೆಸ್ಟ್ ತಪ್ಪಬಹುದು. ಹೆಂಗಸರಿಗೆ ಮೂತ್ರಕ್ಕಿಂತ ಯೋನಿಯ ಸ್ವ್ಯಾಬ್ ಒಳ್ಳೆಯದು, ತಾವೇ ತೆಗೆದುಕೊಳ್ಳಬಹುದು. ಗುದ ಅಥವಾ ಬಾಯಿಯಲ್ಲಿ ಒಳಗೆ ಪಡೆದಿದ್ದರೆ ಅಲ್ಲಿನ ಸೋಂಕು ಮೂತ್ರದಲ್ಲಿ ಕಾಣುವುದಿಲ್ಲ, ಆ ಜಾಗದ ಸ್ವ್ಯಾಬೇ ಬೇಕು. ಹೇಳಲು ಸಂಕೋಚಪಟ್ಟು ಮೂತ್ರವಷ್ಟೇ ಕೊಟ್ಟು ಬಂದರೆ ನೆಗೆಟಿವ್ ರಿಪೋರ್ಟಿಗೆ ಬೆಲೆಯಿಲ್ಲ.

ಜನನಾಂಗದ ನರಹುಲಿ ತರುವ ಎಚ್‌ಪಿವಿ ವೈರಸ್ಸಿಗೆ ಗಂಡಸರಲ್ಲಿ ಮಾಡಿಸುವಂಥ ಒಪ್ಪಿತ ಟೆಸ್ಟ್ ಇಲ್ಲ. ಶಿಶ್ನದ ಅಂಚಿನಲ್ಲಿ ಸಾಲಾಗಿ ಮುತ್ತಿನಂತೆ ಕಾಣುವ ಸಣ್ಣ ಗುಳ್ಳೆಗಳು ಬಹುತೇಕ ಸಹಜ, ರೋಗವಲ್ಲ. ಆ ರಾತ್ರಿಯ ಮುಂಚೆ ಯಾರೂ ಅಷ್ಟು ಹತ್ತಿರದಿಂದ ನೋಡಿಕೊಂಡಿರುವುದಿಲ್ಲ, ಅಷ್ಟೆ.

ಸಿಫಿಲಿಸ್: ವಿಡಿಆರ್‌ಎಲ್, ಟಿಪಿಎಚ್‌ಎ

ಸಿಫಿಲಿಸ್ಸಿನ ಮೊದಲ ಹುಣ್ಣು ಸುಮಾರು ಮೂರು ವಾರಕ್ಕೆ ಏಳುತ್ತದೆ (10ರಿಂದ 90 ದಿನ), ನೋಯುವುದಿಲ್ಲ, ತಾನಾಗಿಯೇ ಮಾಯುತ್ತದೆ. ಮಾಯಿತು ಎಂದರೆ ವಾಸಿಯಾಯಿತು ಎಂದಲ್ಲ. ಟೆಸ್ಟ್ ಆರು ವಾರಕ್ಕೆ, ಮತ್ತೆ ಮೂರು ತಿಂಗಳಿಗೆ.

ವಿಡಿಆರ್‌ಎಲ್ ಅಗ್ಗ, ಎಲ್ಲೆಡೆ ಸಿಗುತ್ತದೆ, ಆದರೆ ಅದು ಸಿಫಿಲಿಸ್ ರೋಗಾಣುವನ್ನು ನೇರ ಹುಡುಕುವುದಿಲ್ಲ. ಗರ್ಭಿಣಿಯರಲ್ಲಿ, ಮಲೇರಿಯಾ ಬಂದಾಗ, ಲೂಪಸ್‌ನಂಥ ಕಾಯಿಲೆಗಳಲ್ಲಿ 1:2, 1:4ರಂಥ ಸಣ್ಣ ಮಟ್ಟದಲ್ಲಿ (ಮಾದರಿಯನ್ನು ಎಷ್ಟು ಪಟ್ಟು ತೆಳುಮಾಡಿದರೂ ಪಾಸಿಟಿವ್ ಉಳಿಯಿತು ಎಂಬ ಲೆಕ್ಕ ಇದು) ಸುಳ್ಳು ಪಾಸಿಟಿವ್ ಬರಬಹುದು. ಟಿಪಿಎಚ್‌ಎ ರೋಗಾಣುವಿನ ಪ್ರತಿಕಾಯವನ್ನೇ ಹುಡುಕುವುದರಿಂದ ದೃಢಪಡಿಸುತ್ತದೆ, ಆದರೆ ಒಮ್ಮೆ ಪಾಸಿಟಿವ್ ಆದವರಲ್ಲಿ ಸಾಮಾನ್ಯವಾಗಿ ಜೀವನಪೂರ್ತಿ ಹಾಗೇ ಉಳಿಯುತ್ತದೆ. ಆದ್ದರಿಂದ ಎರಡೂ ಬೇಕು: ಇದೆಯೇ ಎನ್ನಲು ಟಿಪಿಎಚ್‌ಎ, ಔಷಧಿ ಹಿಡಿಯಿತೇ ಎನ್ನಲು ವಿಡಿಆರ್‌ಎಲ್. 1:32 ಇದ್ದದ್ದು 1:8ಕ್ಕೆ ಇಳಿದರೆ ಚಿಕಿತ್ಸೆ ಫಲಿಸಿದೆ.

ಆರಂಭದ ಸಿಫಿಲಿಸ್‌ಗೆ ಬೆಂಜಥೀನ್ ಪೆನಿಸಿಲಿನ್ 24 ಲಕ್ಷ ಯೂನಿಟ್, ಸೊಂಟದ ಸ್ನಾಯುವಿಗೆ ಒಂದೇ ಸಲ. ಅಲರ್ಜಿಯ ಭಯಕ್ಕೆ ಸಣ್ಣ ಕ್ಲಿನಿಕ್ಕುಗಳು ಈ ಚುಚ್ಚುಮದ್ದಿಗೆ ಹಿಂಜರಿದು ಅಜಿತ್ರೊಮೈಸಿನ್ ಬರೆಯುವುದುಂಟು. ಅದು ಸಮನಲ್ಲ. ಚುಚ್ಚುಮದ್ದು ಕೊಡುವ ಆಸ್ಪತ್ರೆಗೇ ಹೋಗಿ. ನಿಜಕ್ಕೂ ಅಲರ್ಜಿ ಇದ್ದರೆ, ಗರ್ಭಿಣಿಯಲ್ಲದವರಿಗೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೆರಡು, 14 ದಿನ. ಚುಚ್ಚಿದ ದಿನವೇ ಚಳಿಜ್ವರ ಬಂದರೆ ಅದು ಹೆಚ್ಚಾಗಿ ಸಾಯುತ್ತಿರುವ ರೋಗಾಣುಗಳ ಪ್ರತಿಕ್ರಿಯೆ, ಒಂದು ದಿನದಲ್ಲಿ ಇಳಿಯುತ್ತದೆ. ಉಸಿರಾಟ ಕಷ್ಟವಾದರೆ ಮಾತ್ರ ತುರ್ತು ವಿಭಾಗ.

ಲಕ್ಷಣ ಕಂಡರೆ: ಟೆಸ್ಟಿಗೆ ಕಾಯುವುದೋ, ಕಿಟ್ ತೆಗೆದುಕೊಳ್ಳುವುದೋ

ಎರಡರಿಂದ ಏಳು ದಿನದಲ್ಲಿ ಶಿಶ್ನದಿಂದ ಕೀವು ಬಂದರೆ ಗೊನೊರಿಯಾದ ಅನುಮಾನ ಬಲವಾಗುತ್ತದೆ. ಆಗ ಎರಡು ವಾರದ ಲೆಕ್ಕ ಬಿಟ್ಟುಬಿಡಿ, ಅವತ್ತೇ ವೈದ್ಯರನ್ನು ನೋಡಿ. ಲೈಂಗಿಕ ಸೋಂಕುಗಳಿಗೆಂದು ಇರುವ ಸರ್ಕಾರಿ ಸುರಕ್ಷಾ ಕ್ಲಿನಿಕ್ಕುಗಳಲ್ಲಿ ಲಕ್ಷಣ ನೋಡಿ ಬಣ್ಣದ ಕಿಟ್ ಕೊಡುವ ಪದ್ಧತಿ ಬಹುಕಾಲದಿಂದ ಇದೆ: ಕೀವಿಗೆ ಬೂದು ಬಣ್ಣದ್ದು, ಅಜಿತ್ರೊಮೈಸಿನ್ 1 ಗ್ರಾಂ ಮತ್ತು ಸೆಫಿಕ್ಸಿಮ್ 400 ಮಿ.ಗ್ರಾಂ; ಬಿಳಿಸೆರಗಿಗೆ ಹಸಿರು; ಹುಣ್ಣಿಗೆ ಬಿಳಿ. ಉಚಿತ, ಅವತ್ತೇ ಚಿಕಿತ್ಸೆ. ಕೊರತೆಯೆಂದರೆ ಯಾವ ರೋಗಾಣು ಎಂಬುದು ತಿಳಿಯುವುದಿಲ್ಲ, ಸೋಂಕಿದ್ದೂ ಲಕ್ಷಣವೇ ಇಲ್ಲದವರು ಈ ಪದ್ಧತಿಯ ಕಣ್ಣಿಗೆ ಬೀಳುವುದಿಲ್ಲ. ಖಾಸಗಿಯಲ್ಲಿ ಗೊನೊರಿಯಾಕ್ಕೆ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದು, ಕ್ಲಮಿಡಿಯಾಕ್ಕೆ ಡಾಕ್ಸಿಸೈಕ್ಲಿನ್ ಏಳು ದಿನ ಕೊಡುವುದು ಹೆಚ್ಚು ಗಟ್ಟಿಯಾದ ಚಿಕಿತ್ಸೆ. ಎಲ್ಲಿಯೇ ಹೋದರೂ, ಮೊದಲ ಮಾತ್ರೆಗೆ ಮುಂಚೆ ಮಾದರಿ ಕೊಟ್ಟುಬಿಡಿ.

ಲಕ್ಷಣವಿಲ್ಲದೆ 'ಮುಂಜಾಗ್ರತೆಗೆ' ಔಷಧಿ ಅಂಗಡಿಯಿಂದ ಎರಡು ಅಜಿತ್ರೊಮೈಸಿನ್ ನುಂಗುವುದು ಅತಿ ಕೆಟ್ಟ ಆಯ್ಕೆ. ಸೋಂಕು ಪೂರ್ತಿ ಹೋಗದೆ ಟೆಸ್ಟಿನಿಂದ ಮಾತ್ರ ಮರೆಯಾಗಬಹುದು.

ಯಾವ ವೈದ್ಯರು ಎಂಬ ಗೊಂದಲಕ್ಕೆ ಉತ್ತರ ಸುಲಭ. ನಮ್ಮಲ್ಲಿ 'ಸ್ಕಿನ್ ಡಾಕ್ಟರ್' ಓದಿರುವ ಎಂಡಿ ಪದವಿಯಲ್ಲಿ ಚರ್ಮರೋಗ, ಲೈಂಗಿಕ ರೋಗ, ಕುಷ್ಠರೋಗ ಮೂರೂ ಸೇರಿವೆ. ಚರ್ಮರೋಗ ವಿಭಾಗದ ಬೋರ್ಡಿನ ಕೆಳಗೆ ಕೂತರೆ ಯಾಕೆ ಬಂದಿರಿ ಎಂದು ನೋಡಿದವರಿಗೂ ಗೊತ್ತಾಗುವುದಿಲ್ಲ. ಹೆಂಗಸರು ಸ್ತ್ರೀರೋಗ ತಜ್ಞರಲ್ಲಿ ಹೋಗಬಹುದು. ಬಸ್ ನಿಲ್ದಾಣದ ಗೋಡೆಯ ಮೇಲೆ 'ಗುಪ್ತರೋಗಕ್ಕೆ ಶಾಶ್ವತ ಪರಿಹಾರ' ಎಂದು ಅಂಟಿಸಿರುವ ನಂಬರಿಗೆ ಫೋನ್ ಮಾಡಬೇಡಿ.

ಚಿಕಿತ್ಸೆಯ ನಂತರ ಏಳು ದಿನ ಸಂಭೋಗ ಬೇಡ. ಸಂಗಾತಿಗೂ ಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ಅದೇ ಸೋಂಕು ನಿಮಗೆ ವಾಪಸ್ ಬರುತ್ತದೆ. ವಾಸಿಯಾಯಿತೇ ಎಂದು ವಾರದೊಳಗೆ ನ್ಯಾಟ್ ಮಾಡಿಸಬೇಡಿ. ಸತ್ತ ರೋಗಾಣುವಿನ ಚೂರುಗಳು ಮೂರ್ನಾಲ್ಕು ವಾರ ಉಳಿದು ಪಾಸಿಟಿವ್ ತೋರಿಸಬಹುದು. ಮೂರು ತಿಂಗಳಿಗೆ ಮತ್ತೊಮ್ಮೆ ಮಾಡಿಸಿ. ಸಿಫಿಲಿಸ್ಸಿನ ಕೊನೆಯ ಟೆಸ್ಟೂ, ಪೆಪ್ ನುಂಗಿದವರಿಗೆ ಅಥವಾ ರ್‍ಯಾಪಿಡ್ ಮಾಡಿಸುವವರಿಗೆ ಎಚ್‌ಐವಿಯದೂ ಅದೇ ಹೊತ್ತಿಗೆ ಬರುವುದರಿಂದ ಒಂದೇ ಓಡಾಟದಲ್ಲಿ ಮುಗಿಯುತ್ತದೆ, ಅಲ್ಲಿಯವರೆಗೆ ಮನೆಯ ಸಂಗಾತಿಯೊಡನೆಯೂ ಕಾಂಡೋಮ್ ಬೇಕು.